ಕಣದ ಮೇಲೆ ಹರಳೆಣ್ಣೆಯ ಹೊಗೆ

ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಹೊರಗಿನ ನಮ್ಮ ಊರು ಮಾಕಳಿಯ ಹೊಲಗಳಿಗೆ ಒಂದು ದೊಡ್ಡ ಬಿಡುವು ಸಿಗುತ್ತಿತ್ತು. ರಾಗಿ ಕೊಯ್ದು, ಮೆದೆ ಒಟ್ಟಿ, ಕಣ ಮಾಡಿ, ಕಾಳು ಮನೆ ಸೇರಿದ ಮೇಲೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ಆ ನೆಲ ಎಲ್ಲರದ್ದೂ. ದನಗಳು ಕೂಳೆ ಮೇಯುತ್ತಿದ್ದವು, ಹುಡುಗರು ಚಿನ್ನಿದಾಂಡು ಆಡುತ್ತಿದ್ದರು, ಅವರೆಕಾಯಿ ಸಿಪ್ಪೆಯ ಸೊಗಡು ಬೀದಿಯ ತುಂಬ ಹರಡಿರುತ್ತಿತ್ತು. ಆ ಕಾಲದ ಭಾನುವಾರಗಳಲ್ಲಿ ಬಿಸಿಲು ಏರುವ ಮೊದಲೇ ಊರ ಹಿಂದಿನ ಕಣದಿಂದ ಒಂದು ಸದ್ದು ಬರುತ್ತಿತ್ತು. ತುಮಕೂರು ರಸ್ತೆಯ ಲಾರಿಯ ಸದ್ದಲ್ಲ, ತೋಟದ ಪಂಪ್‌ಸೆಟ್ಟಿನದೂ ಅಲ್ಲ. ಮೊದಲು ಗೊಗ್ಗರು ದನಿಯಲ್ಲಿ ತಡವರಿಸಿ ನಿಲ್ಲುವುದು, ಮತ್ತೆ ತಡವರಿಸುವುದು, ಬಹಳ ಹೊತ್ತಿನ ಮೇಲೆ ಯಾವಾಗಲೋ ಒಮ್ಮೆ ಗಂಟಲು ಸರಿಹೋಗಿ ಒಂದೇ ಎಳೆಯಲ್ಲಿ ಚೀರುವುದು. ‘ಪೀಣ್ಯದೋರ ಇಮಾನ ಬಂತು’ ಎಂದು ಹೆಂಗಸರು ಪಾತ್ರೆ ತೊಳೆಯುತ್ತಲೇ ಹೇಳುತ್ತಿದ್ದರು. ಮಕ್ಕಳಾದ ನಾವು ಅಷ್ಟು ಹೊತ್ತಿಗೆ ಅರ್ಧ ದಾರಿ ಓಡಿರುತ್ತಿದ್ದೆವು.

ಆ ಸದ್ದು ಈಗ ಇಲ್ಲ. ಇಂದಿನ ಮಾಕಳಿಯನ್ನು ಕಂಡವರಿಗೆ ಅಲ್ಲೊಂದು ಕಣವಿತ್ತು ಎಂದರೆ ನಂಬಿಕೆ ಬರುವುದೂ ಕಷ್ಟ.

ಪೀಣ್ಯದವರು ಎಂದರೆ ನಮ್ಮ ಸೋದರಮಾವ ಮತ್ತು ಅವರ ನಾಲ್ಕಾರು ಗೆಳೆಯರು. ಟರ್ನರು, ಫಿಟ್ಟರು, ಗ್ರೈಂಡಿಂಗ್ ಕೆಲಸದವರು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಗಿ, ಅದರ ಬೆನ್ನಿಗೆ ಬಿಇಎಲ್ ಬಂದು, ಬೆಂಗಳೂರಿನ ಆ ತುದಿಯಲ್ಲಿ 1940ರಿಂದಲೇ ಎಚ್‌ಎಎಲ್ ಇದ್ದುದರಿಂದ ಇವಕ್ಕೆಲ್ಲ ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ವರ್ಕ್‌ಶಾಪುಗಳು ಪೀಣ್ಯದಲ್ಲಿ ಸಾಲುಗಟ್ಟಿದವು. ಮಾಕಳಿ, ಆಲೂರು, ದಾಸನಪುರ, ಅಡಕಮಾರನಹಳ್ಳಿಯ ಹುಡುಗರು ರಾಗಿ ಹೊಲದಿಂದ ನೇರವಾಗಿ ಲೇತಿನ ಮುಂದೆ ಹೋಗಿ ನಿಂತರು. ಮೈಕ್ರಾನ್ ಎಂಬ ಮಾತು ನಮ್ಮ ಮನೆಯ ಹೆಂಗಸರಿಗೂ ಗೊತ್ತಿತ್ತು; ಮಾವ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದರೆ ‘ಇವತ್ತು ಎಷ್ಟು ಪೀಸು ರಿಜೆಕ್ಟು?’ ಎಂದು ಅತ್ತೆ ಕೇಳುತ್ತಿದ್ದರು. ಕೈಯ ಬೆರಳಿನಲ್ಲೇ ಅಳತೆ ಹಿಡಿಯುವ ಜನ ಅವರು. ಮಾವನಿಗೆ ವಿಮಾನದ ಹುಚ್ಚು ಹತ್ತಿದ್ದು ಕಾಲೇಜಿನಲ್ಲಿ, ಎನ್‌ಸಿಸಿ ವಾಯುದಳದಲ್ಲಿ. ಅಲ್ಲಿ ಮಾದರಿ ವಿಮಾನ ಕಟ್ಟುವುದು, ಹಾರಿಸುವುದು ಪಾಠದ್ದೇ ಭಾಗ. ಬಾಲ್ಸಾ ಕಟ್ಟಿಗೆಯನ್ನು ಬ್ಲೇಡಿನಲ್ಲಿ ಕೊಯ್ದು, ರೆಕ್ಕೆಗೆ ಟಿಶ್ಯೂ ಕಾಗದ ಅಂಟಿಸಿ, ಮೇಲೆ ಡೋಪ್ ಎಂಬ ಲೇಪ ಬಳಿದು ಡೋಲಿನ ಹಾಗೆ ಬಿಗಿ ಮಾಡುವ ವಿದ್ಯೆ ಅವರಿಗೆ ಅಲ್ಲಿಂದ ಬಂತು. ಕಾಲೇಜು ಬಿಟ್ಟು ಲೇತ್ ಹಿಡಿದ ಮೇಲೂ ಆ ವಿದ್ಯೆ ಅವರನ್ನು ಬಿಡಲಿಲ್ಲ.

ಎಂಜಿನ್ನು ಅಂದರೆ ಆಗ ನಮಗೆ ಗೊತ್ತಿದ್ದದ್ದು ಅರೋರಾ. ಕಲ್ಕತ್ತೆಯಲ್ಲಿ ತಯಾರಾಗುತ್ತಿತ್ತು. ಎನ್‌ಸಿಸಿ ಹುಡುಗರ ಕೈಗೆ ಸಿಗುತ್ತಿದ್ದ ಎಂಜಿನ್ ಹೆಚ್ಚಾಗಿ ಅದೇ. ಎರಡೂವರೆ ಸಿಸಿಯ, ಒಂದು ಹಿಡಿಯೊಳಗೆ ಅಡಗುವ ಪುಟ್ಟ ಡೀಸೆಲ್ಲು. ಮಹಾಯುದ್ಧ ಮುಗಿದ ಬೆನ್ನಲ್ಲೇ, 1946ರಲ್ಲಿ ಇಂಗ್ಲೆಂಡಿನಲ್ಲಿ ಮಿಲ್ಸ್ 1.3 ಎಂಬ ಮಾದರಿ ಡೀಸೆಲ್ ಎಂಜಿನ್ ಬಂದಿತ್ತು. ಅದರ ಪಡಿಯಚ್ಚುಗಳೂ ನಮ್ಮ ದೇಶದಲ್ಲಿ ತಯಾರಾದವು. ಇಂಥ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಬ್ಯಾಟರಿ ಬೇಡ. ಸಿಲಿಂಡರಿನ ನೆತ್ತಿಯಲ್ಲಿ ಒಂದು ಸ್ಕ್ರೂ. ಅದನ್ನು ತಿರುಗಿಸಿದರೆ ಒಳಗಿನ ಕಾಂಟ್ರಾ ಪಿಸ್ಟನ್ ಕೆಳಗಿಳಿದು ಒತ್ತಡ ಏರುತ್ತದೆ. ಬದಿಗೆ ಒಂದು ನೀಡಲ್. ಅದನ್ನು ಬಿಚ್ಚಿದಷ್ಟೂ ಎಣ್ಣೆ ಹೆಚ್ಚು ಬರುತ್ತದೆ. ಈ ಎರಡು ಕಿವಿ ಹಿಂಡಿ ಹಿಂಡಿಯೇ ಅದನ್ನು ದಾರಿಗೆ ತರಬೇಕು. ಪೆಟ್ಟಿಗೆ ಬಿಚ್ಚಿದಾಗ ಅದರ ಮೈಮೇಲೆ ತೆಳ್ಳಗೆ ಎಣ್ಣೆ ಸವರಿರುತ್ತಿತ್ತು. ಮಾವ ಮೊದಲು ಕೈ ತೊಳೆದು ಬಂದು ಆಮೇಲೆ ಅದನ್ನು ಮುಟ್ಟುತ್ತಿದ್ದರು.

ಹೊಸ ಎಂಜಿನ್ನನ್ನು ಯಾರೂ ನೇರವಾಗಿ ವಿಮಾನಕ್ಕೆ ಕಟ್ಟುತ್ತಿರಲಿಲ್ಲ. ಮೊದಲು ಅದಕ್ಕೊಂದು ಪೀಠ ಬೇಕು. ತೇಗದ ದಪ್ಪ ಹಲಗೆಯಲ್ಲಿ ಎಂಜಿನ್ನಿನ ಹೊಟ್ಟೆ ಕೂರುವಷ್ಟು ಅಳತೆಯ ಗುಳಿ ಕೊರೆದು, ನಾಲ್ಕು ಬೋಲ್ಟಿನಲ್ಲಿ ಬಿಗಿದು, ಆ ಹಲಗೆಯನ್ನು ಹಳೆಯ ಬೆಂಚಿನ ತಲೆಗೆ ಕ್ಲ್ಯಾಂಪ್ ಹಾಕಿ ಹಿಡಿಸುತ್ತಿದ್ದರು. ಬೆಂಚಿನ ಕಾಲು ಅಲುಗಿದರೆ ಎಂಜಿನ್ನಿನ ಓಟ ಕೆಡುತ್ತದೆಂದು ಅದರ ಮೇಲೆ ಕಲ್ಲು ಹೇರುತ್ತಿದ್ದರು. ಟ್ಯಾಂಕನ್ನು ಕೂರಿಸುವುದಕ್ಕೂ ಲೆಕ್ಕವಿತ್ತು. ಅದರ ನಡುಮಟ್ಟ ನೀಡಲ್ಲಿನ ಮಟ್ಟಕ್ಕೆ ಬರಬೇಕು, ಇಲ್ಲವೆ ಕೂದಲೆಳೆಯಷ್ಟು ಕೆಳಗಿರಬೇಕು. ಮೇಲಿದ್ದರೆ ಎಣ್ಣೆ ತಾನೇ ಹರಿದು ಎಂಜಿನ್ನು ಮುಳುಗುತ್ತದೆ, ತೀರಾ ಕೆಳಗಿದ್ದರೆ ಎಳೆದುಕೊಳ್ಳಲಾರದೆ ಒಣಗುತ್ತದೆ. ಒಂಬತ್ತಿಂಚು ಉದ್ದ, ನಾಲ್ಕಿಂಚು ಪಿಚ್‌ನ ಮರದ ಪ್ರೊಪೆಲ್ಲರ್, ನಮ್ಮ ಮಾತಿನಲ್ಲಿ ಪ್ರಾಪ್. ಅದರ ನಡುವಿನ ತೂತಿಗೆ ಮೊಳೆ ತೂರಿಸಿ, ಯಾವ ಬದಿ ಜಗ್ಗುತ್ತದೋ ಆ ಬದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಸಮತೂಕ ಮಾಡುವುದಕ್ಕೇ ಒಂದು ಸಂಜೆ ಹಿಡಿಯುತ್ತಿತ್ತು. ಅದನ್ನು ಶಾಫ್ಟಿಗೆ ಬಿಗಿಯುವಾಗಲೂ, ಒತ್ತಡ ಶುರುವಾಗುವ ಹೊತ್ತಿಗೆ ಪ್ರಾಪು ಗಡಿಯಾರದ ಎರಡು ಗಂಟೆ ಮತ್ತು ಎಂಟು ಗಂಟೆಯ ಗೆರೆಯಲ್ಲಿ ನಿಲ್ಲುವಂತೆ ನೋಡಬೇಕು, ಆಗಲೇ ಬೆರಳಿಗೆ ಬೀಸು ಸಿಗುವುದು.

ಇಷ್ಟೆಲ್ಲ ಆದ ಮೇಲೆ ಮಾವ ನಮ್ಮನ್ನೆಲ್ಲ ಹಿಂದಕ್ಕೆ ಅಟ್ಟುತ್ತಿದ್ದರು. ಪ್ರಾಪ್ ತಿರುಗುವ ಗೆರೆಯ ನೇರಕ್ಕೆ ಯಾರೂ ನಿಲ್ಲುವಂತಿಲ್ಲ. ಹೆಗಲ ಮೇಲೆ ಟವೆಲ್ ಇದ್ದವರು, ಲುಂಗಿ ಉಟ್ಟವರು ಹತ್ತಿರ ಬರುವಂತಿಲ್ಲ. ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಮರದ ಅಲಗು ಬೆರಳನ್ನು ಕೇಳಿ ತಾಗುವುದಿಲ್ಲ.

ಎಣ್ಣೆಯ ಮಾತು ಹೇಳದಿದ್ದರೆ ಈ ಕಥೆಗೆ ವಾಸನೆಯೇ ಬರುವುದಿಲ್ಲ. ಈಥರ್ ಒಂದು ಪಾಲು, ಸೀಮೆಎಣ್ಣೆ ಒಂದು ಪಾಲು, ಹರಳೆಣ್ಣೆ ಒಂದು ಪಾಲು. ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುವುದು ಈಥರಿನ ಗುಣ. ಪಿಸ್ಟನ್ ಒತ್ತಿದ ಬಿಸಿಗೆ ಮೊದಲು ಹತ್ತುವುದು ಅದೇ. ಬಲ ಕೊಡುವುದು ಸೀಮೆಎಣ್ಣೆ. ಎಂಜಿನ್ನಿನ ಜೀವ ಕಾಯುವುದು ಹರಳೆಣ್ಣೆ. ಸೀಮೆಎಣ್ಣೆಯೂ ಹರಳೆಣ್ಣೆಯೂ ತಾವಾಗಿ ಸರಿಯಾಗಿ ಬೆರೆಯುವುದಿಲ್ಲ. ಈಥರ್ ನಡುವೆ ಬಂದು ಎರಡನ್ನೂ ಒಂದು ಮಾಡುತ್ತದೆ. ಸೀಸೆಯ ಬಿರಡೆ ಸಡಿಲವಾದರೆ ಈಥರ್ ಹಾರಿಹೋಗಿ ಎಂಜಿನ್ನು ಎಷ್ಟು ಬೀಸಿದರೂ ಹತ್ತುವುದಿಲ್ಲ, ಹಾಗಾಗಿ ಸೀಸೆಗೆ ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿ ಇಡುತ್ತಿದ್ದರು. ಸೀಮೆಎಣ್ಣೆ ರೇಷನ್ ಅಂಗಡಿಯ ನೀಲಿ ಬಣ್ಣದ್ದು. ಅದನ್ನು ಅತ್ತೆಯ ಕಣ್ಣು ತಪ್ಪಿಸಿ ತರುವುದು ನಮ್ಮ ಪಾಲಿನ ಕೆಲಸ.

ಹರಳಿನ ಗಿಡವಂತೂ ಮಾಕಳಿಯ ಪ್ರತಿ ಹೊಲದ ಬದುವಿನಲ್ಲೂ ಇತ್ತು. ರಾಗಿಯ ನಡುವೆ ಅಕ್ಕಡಿ ಸಾಲು ಬಿಡುವಾಗ ಅವರೆ, ಜೋಳ, ಹುಚ್ಚೆಳ್ಳಿನ ಜೊತೆಗೆ ಹರಳನ್ನೂ ಹಾಕುತ್ತಿದ್ದರು. ಅಜ್ಜಿ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲುವ ಎಣ್ಣೆಯನ್ನು ಬಳಿದು ತೆಗೆದು ಇಡುತ್ತಿದ್ದರು. ಕೂಸಿನ ನೆತ್ತಿಗೆ, ಬಾಣಂತಿಯ ಮೈಗೆ, ಗಾಡಿಯ ಅಚ್ಚಿಗೆ, ದೇವರ ದೀಪಕ್ಕೆ, ಎಲ್ಲಕ್ಕೂ ಅದೇ. ಆದರೆ ಮನೆಯಲ್ಲಿ ಕುದಿಸಿದ ಎಣ್ಣೆಯಲ್ಲಿ ನೀರಿನ ಪಸೆ ಉಳಿದಿರುತ್ತದೆಂದು ಮಾವ ಎಂಜಿನ್ನಿಗೆ ಮಾತ್ರ ಮೆಡಿಕಲ್ ಶಾಪಿನ ತಿಳಿ ಎಣ್ಣೆಯನ್ನೇ ತರುತ್ತಿದ್ದರು. ಅಜ್ಜಿಗೆ ಅದು ಒಳಗೊಳಗೇ ನೋವು. ಆದರೂ ಕಣದ ಕಡೆಯಿಂದ ಹೊಗೆ ಬೀಸಿದರೆ ಜಗುಲಿಯಲ್ಲಿ ಕೂತಿದ್ದ ಅವರಿಗೆ ಮೊದಲು ತಿಳಿಯುತ್ತಿತ್ತು: ‘ನೋಡು, ಹರಳೆಣ್ಣೆ ಬೇಯ್ತಾ ಐತೆ’ ಎನ್ನುತ್ತಿದ್ದರು. ಮೊದಲ ಮಹಾಯುದ್ಧದ ಆಕಾಶದಲ್ಲಿ ನೋಮ್, ಲೆ ರೋನ್ ಎಂಬ ರೋಟರಿ ಎಂಜಿನ್ನುಗಳು ಓಡಿದ್ದೂ ಇದೇ ಹರಳೆಣ್ಣೆಯ ಮೇಲೆ. ಆ ಪೈಲಟ್ಟುಗಳ ಮುಖಕ್ಕೆ, ಕೋಟಿಗೆ ಅಡರುತ್ತಿದ್ದದ್ದೂ ಇದೇ ವಾಸನೆ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ತನ್ನ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಇದರ ಇಂಗ್ಲಿಷ್ ಹೆಸರಿನಿಂದಲೇ. ಎಷ್ಟು ಕಾದರೂ ಲೋಹವನ್ನು ಬಿಡದೆ ಅಂಟಿಕೊಂಡಿರುವ ಎಣ್ಣೆ ಇನ್ನೊಂದು ಸುಲಭವಾಗಿ ಸಿಗದು. ನಮ್ಮ ಬದುವಿನ ಗಿಡದ ಬೀಜಕ್ಕೆ ಅಷ್ಟು ದೊಡ್ಡ ಸಂಸಾರವಿತ್ತು ಎಂಬುದು ನನಗೆ ತಿಳಿಯುವ ಹೊತ್ತಿಗೆ ಬದುವಿನಲ್ಲಿ ಗಿಡ ಉಳಿದಿರಲಿಲ್ಲ.

ಇನ್ನು ಪಳಗಿಸುವ ಕೆಲಸ. ಹೊಸ ಎಂಜಿನ್ನಿನ ಪಿಸ್ಟನ್ನು, ಸಿಲಿಂಡರು ಎರಡೂ ಒಂದಕ್ಕೊಂದು ಉಜ್ಜಿ ಲ್ಯಾಪ್ ಮಾಡಿ ಕೂರಿಸಿದವು. ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಕಣ್ಣಿಗೆ ಕನ್ನಡಿಯ ಹಾಗೆ ಕಂಡರೂ ಆ ಮೈಯಲ್ಲಿ ಇನ್ನೂ ಸಣ್ಣ ಸಣ್ಣ ಏಣುಗಳಿರುತ್ತವೆ. ಮೊದಲ ದಿನವೇ ಪೂರ್ತಿ ವೇಗ ಕೇಳಿದರೆ ಏಣುಗಳು ಉಜ್ಜಿ ಕಾಯುತ್ತವೆ, ಪಿಸ್ಟನ್ ಹಿಗ್ಗುತ್ತದೆ, ಎಣ್ಣೆಯ ಪೊರೆ ಹರಿಯುತ್ತದೆ, ಲೋಹ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಅಲ್ಲಿಗೆ ಎಂಜಿನ್ನಿನ ಆಯುಸ್ಸು ಮುಗಿದಂತೆ. ಹಾಗಾಗಿ ಮೊದಲ ಟ್ಯಾಂಕುಗಳನ್ನು ‘ರಿಚ್’ ಆಗಿ ಓಡಿಸಬೇಕು. ನೀಡಲ್ ಧಾರಾಳವಾಗಿ ಬಿಚ್ಚಿ, ಕಂಪ್ರೆಷನ್ ಸಡಿಲವಿಟ್ಟು, ಎಣ್ಣೆಯನ್ನು ಕುಡಿದು ಕುಡಿದು ಉಗುಳುವ ಹಾಗೆ. ಅದು ಓಡುವ ಓಟವೇ ಅಲ್ಲ, ತೆವಳುವ ಓಟ. ಒಂದೆರಡು ನಿಮಿಷ ಓಡಿಸಿ ನಿಲ್ಲಿಸುವುದು, ಫಿನ್ನುಗಳ ಮೇಲೆ ಕೈ ಇಡುವಷ್ಟು ತಣ್ಣಗಾಗುವವರೆಗೆ ಕಾಯುವುದು, ಮತ್ತೆ ಓಡಿಸುವುದು. ಕಾದು ಆರಿ, ಕಾದು ಆರಿ ಲೋಹ ತನ್ನ ಜಾಗ ತಾನು ಕಂಡುಕೊಳ್ಳುತ್ತದೆ ಎನ್ನುತ್ತಿದ್ದರು ಮಾವ. ಆ ಕಾಯುವ ಹೊತ್ತಿನಲ್ಲಿ ಬುತ್ತಿ ಬಿಚ್ಚುವುದು, ಕಡಲೆಕಾಯಿ ಸುಲಿಯುವುದು, ಫ್ಯಾಕ್ಟರಿಯ ಸುದ್ದಿ, ಮದುವೆಯ ಸುದ್ದಿ. ಎಂಜಿನ್ನು ಆರುವಷ್ಟು ಹೊತ್ತು ಮನುಷ್ಯರಿಗೂ ಪುರುಸೊತ್ತು ಇರುತ್ತಿತ್ತು.

ಎಕ್ಸಾಸ್ಟಿನ ಬಾಯಿಗೆ ಮಾವ ಬಿಳಿ ಬಟ್ಟೆಯ ಚೂರು ಹಿಡಿಯುತ್ತಿದ್ದರು. ಮೊದಲ ಟ್ಯಾಂಕಿನಲ್ಲಿ ಬೀಳುವ ಎಣ್ಣೆ ಕಪ್ಪು, ಸವೆದ ಲೋಹದ ಪುಡಿಯಿಂದ ಬೆರಳಿಗೆ ಬೂದಿಯಂತೆ ಹತ್ತುವುದು. ಓಡಿದಂತೆ ಕಪ್ಪು ಕಂದಾಗಿ, ಕಂದು ಹೊನ್ನಾಗಿ, ಕೊನೆಗೆ ಹಾಕಿದ ಹರಳೆಣ್ಣೆಯ ಬಣ್ಣವೇ ಹೊರಬರುವುದು. ಆ ಬಟ್ಟೆಯ ಚೂರುಗಳನ್ನು ಅವರು ಸಾಲಾಗಿ ಬೆಂಚಿನ ಮೇಲೆ ಒಣಗಹಾಕುತ್ತಿದ್ದರು. ಅದನ್ನು ಓದುವುದನ್ನು ನಮಗೂ ಕಲಿಸಿದರು. ಬಣ್ಣ ತಿಳಿಯಾದ ಮೇಲೆ ನೀಡಲ್ಲನ್ನು ಒಂದೊಂದೇ ಕ್ಲಿಕ್ಕು ಒಳಗೆ ತಿರುಗಿಸಿ, ಸ್ಕ್ರೂವನ್ನು ಒಂದು ಎಳೆ ಬಿಗಿಸಿ, ಪೂರ್ತಿ ಓಟವನ್ನು ಹತ್ತು ಎಣಿಸುವಷ್ಟು ಹೊತ್ತು ಕೇಳುವುದು. ದನಿ ಕುಗ್ಗಿತೋ, ಇನ್ನೂ ಪಳಗಿಲ್ಲ. ಹಿಂದಕ್ಕೆ ತಿರುಗಿಸು, ಮತ್ತೆ ರಿಚ್. ಕುಗ್ಗದೆ ನಿಂತಿತೋ, ಸರಿ. ಆ ಒಂದು ಗಳಿಗೆಗೆ ಎಲ್ಲರೂ ಮಾತು ನಿಲ್ಲಿಸಿ ಕಿವಿಯಾಗುತ್ತಿದ್ದರು. ಮೀಟರಿಲ್ಲ, ಪರದೆಯಿಲ್ಲ. ಲೇತಿನ ಮುಂದೆ ಹಗಲೆಲ್ಲ ನಿಂತ ಕಿವಿಗಳು ಕೊಟ್ಟ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಇದಕ್ಕೆ ಒಂದು ಭಾನುವಾರ ಸಾಲುತ್ತಿರಲಿಲ್ಲ. ಸಂಕ್ರಾಂತಿಗೆ ಬಂದ ಎಂಜಿನ್ನು ಶಿವರಾತ್ರಿಯ ಹೊತ್ತಿಗೆ ಹಾರಿದರೆ ಅದು ಬೇಗ ಹಾರಿದ ಹಾಗೆ. ನಾವು ಮಕ್ಕಳು ‘ಇವತ್ತು ಹಾರಿಸ್ತೀರಾ ಮಾವ?’ ಎಂದು ಕೇಳಿ ಕೇಳಿ ಸುಸ್ತಾಗುತ್ತಿದ್ದೆವು. ಈಗ ಅನಿಸುತ್ತದೆ, ಹಾರಿದ ದಿನಗಳಿಗಿಂತ ಕಾದ ದಿನಗಳೇ ನನಗೆ ಹೆಚ್ಚು ನೆನಪಿವೆ.

ಹಾರಿಸುವುದು ಆಗ ರೇಡಿಯೋದಲ್ಲಲ್ಲ, ತಂತಿಯಲ್ಲಿ. ಕಂಟ್ರೋಲ್ ಲೈನ್ ಎನ್ನುತ್ತಿದ್ದರು. ಹದಿನೈದು ಹದಿನಾರು ಮೀಟರಿನ ಎರಡು ಸಣ್ಣ ಉಕ್ಕಿನ ತಂತಿ, ಒಂದು ತುದಿಗೆ ವಿಮಾನ, ಇನ್ನೊಂದು ತುದಿಗೆ ಕೈಹಿಡಿ. ಮಣಿಕಟ್ಟು ಮೇಲಕ್ಕೆ ಬಾಗಿದರೆ ವಿಮಾನ ಏರುತ್ತದೆ, ಕೆಳಕ್ಕೆ ಬಾಗಿದರೆ ಇಳಿಯುತ್ತದೆ. ಸೆಗಣಿ ಸಾರಿಸಿ ಗಟ್ಟಿ ಮಾಡಿದ ಕಣಕ್ಕಿಂತ ಒಳ್ಳೆಯ ರನ್‌ವೇ ಅದಕ್ಕೆ ಬೇಕಿರಲಿಲ್ಲ. ಹಂತಿ ಹೊಡೆಯುವಾಗ ಎತ್ತುಗಳು ಮೇಟಿಕಂಬದ ಸುತ್ತ ಸುತ್ತಿದ ಹಾಗೆ ವಿಮಾನ ಮಾವನ ಸುತ್ತ ಸುತ್ತುತ್ತಿತ್ತು. ಟ್ಯಾಂಕು ಖಾಲಿಯಾಗಿ ಎಂಜಿನ್ ನಿಂತ ಕೂಡಲೇ ತಂತಿಯ ಸಿಳ್ಳು ಮಾತ್ರ ಉಳಿದು, ವಿಮಾನ ತೇಲುತ್ತ ಬಂದು ರಾಗಿಹುಲ್ಲಿನ ಚೂರುಗಳನ್ನು ಚದುರಿಸಿ ಇಳಿಯುತ್ತಿತ್ತು. ಆಮೇಲೆ ಎಂಜಿನ್ನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಪ್ರಾಪ್ ಕೈಯಲ್ಲಿ ತಿರುಗಿಸಿ, ಬಟ್ಟೆ ಸುತ್ತಿ ಪೆಟ್ಟಿಗೆಗೆ. ಅದನ್ನು ಮಾಡದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

1991ರ ನಂತರ ಬಾಗಿಲು ತೆರೆದಂತೆ ಜಪಾನಿನ ಓಎಸ್ ಎಂಜಿನ್ನುಗಳು ಬೆಂಗಳೂರಿನ ಹುಡುಗರ ಕೈಗೂ ಬಂದವು. ಓಸಾಕಾದಲ್ಲಿ 1936ರಿಂದ ಎಂಜಿನ್ ಮಾಡುತ್ತ ಬಂದ ಕಂಪನಿ ಅದು. ಅವರ ಕೆಲಸ ನೋಡಿ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಅವು ಗ್ಲೋ ಎಂಜಿನ್ನುಗಳು. ಅಮೆರಿಕದಲ್ಲಿ 1947ರ ಹೊತ್ತಿಗೆ ರೇ ಆರ್ಡನ್ ಬಳಕೆಗೆ ತಂದ ಗ್ಲೋ ಪ್ಲಗ್ಗಿನಲ್ಲಿ ಒಂದು ಪ್ಲಾಟಿನಂ ಸುರುಳಿ ಇರುತ್ತದೆ. ಒಂದೂವರೆ ವೋಲ್ಟ್ ಕೊಟ್ಟು ಕೆಂಪಗೆ ಮಾಡಿದರೆ ಮುಂದೆ ಮೆಥನಾಲ್ ಅದನ್ನು ತಾನೇ ಕೆಂಪಗಿಡುತ್ತದೆ. ಹಿತ್ತಾಳೆಯ ಸಿಲಿಂಡರಿಗೆ ಕ್ರೋಮ್ ಪೂಸಿ, ಅಲ್ಯೂಮಿನಿಯಂ ಪಿಸ್ಟನ್ ಕೂರಿಸಿದ ಬಗೆಯವು ಇನ್ನೂ ಬೇರೆ. ಅವನ್ನು ತೀರಾ ರಿಚ್ ಓಡಿಸಿದರೆ ಕೆಡುಕು. ಸಿಲಿಂಡರಿನ ನೆತ್ತಿ ಬೇಕೆಂದೇ ಬಿಗಿಯಾಗಿರುತ್ತದೆ, ಕಾದು ಹಿಗ್ಗಿದ ಮೇಲೆಯೇ ಅದು ಸರಿಯಾಗಿ ಸಡಿಲವಾಗುವುದು. ಮಾವ ಹಳೆಯ ಪಾಠ ಬದಿಗಿಟ್ಟು ಹೊಸದನ್ನು ಕಲಿತರು. ಹರಳೆಣ್ಣೆ ಮಾತ್ರ ಅಲ್ಲೂ ಜೊತೆಗೆ ಬಂತು, ಐದರಲ್ಲಿ ಒಂದು ಪಾಲು. ಮೆಥನಾಲ್ ಸಿಗುವುದು ಕಷ್ಟವಿತ್ತು, ಅದು ನ್ಯಾಯವೂ ಆಗಿತ್ತು. 1981ರ ಜುಲೈನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಎಲ್ಲರಿಗೂ ನೆನಪಿತ್ತು. ಮಾವ ಆ ಡಬ್ಬಿಯನ್ನು ಬೀಗ ಹಾಕಿ ಇಡುತ್ತಿದ್ದರು, ಬೀಗದ ಕೈ ಅವರ ಉಡಿದಾರದಲ್ಲಿ.

ಪಳಗಿಸುವುದು ಆಗ ಬರೀ ಆಟದ ಎಂಜಿನ್ನಿನ ಮಾತಾಗಿರಲಿಲ್ಲ. ಹೊಸ ಸ್ಕೂಟರು ಮನೆಗೆ ಬಂದರೆ ಮೊದಲ ಸಾವಿರ ಕಿಲೋಮೀಟರು ನಲವತ್ತರ ಮೇಲೆ ಓಡಿಸಬಾರದು, ಹಿಂದೆ ಯಾರನ್ನೂ ಕೂರಿಸಿ ಏರು ಹತ್ತಿಸಬಾರದು. ಹೊಸ ಲಾರಿಯ ಬೆನ್ನಿಗೆ ‘ರನ್ನಿಂಗ್ ಇನ್’ ಎಂದು ಬಣ್ಣದಲ್ಲಿ ಬರೆದಿರುತ್ತಿತ್ತು. ತುಮಕೂರು ರಸ್ತೆಯಲ್ಲಿ ಹಿಂದಿನವರು ಹಾರನ್ ಹೊಡೆಯದೆ ಪಕ್ಕಕ್ಕೆ ಸರಿದು ಮುಂದೆ ಹೋಗುತ್ತಿದ್ದರು. ಹೊಸ ಸೊಸೆಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ, ನೊಗಕ್ಕೆ ಹೂಡಿದ ಎಳೆಯ ಹೋರಿಗೆ, ಎಲ್ಲಕ್ಕೂ ಒಂದು ಕಾಲಾವಕಾಶವಿತ್ತು. ‘ಇನ್ನೂ ಹೊಸದು, ಎಳೀಬೇಡ್ರಪ್ಪ’ ಎಂಬ ಮಾತು ಊರಲ್ಲಿ ಯಾರ ಬಾಯಲ್ಲಾದರೂ ಇರುತ್ತಿತ್ತು. ಈಗ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ವಾರವೇ ಟಾರ್ಗೆಟ್ಟು.

ಊರು ಬದಲಾದದ್ದನ್ನು ಹೆಚ್ಚು ವಿಸ್ತರಿಸಲಾರೆ, ಎಲ್ಲರಿಗೂ ಗೊತ್ತಿರುವುದೇ. ಹಿಮಾಲಯ ಕಂಪನಿಯ ಔಷಧ ಕಾರ್ಖಾನೆ ಮಾಕಳಿಗೆ ಮೊದಲೇ ಬಂದಿತ್ತು, ಅದು ಹಲವರಿಗೆ ಅನ್ನ ಕೊಟ್ಟಿತು. ಆಮೇಲೆ ಮಾದಾವರದ ಬಳಿ ನೈಸ್ ರಸ್ತೆ ಬಂದು ಸೇರಿತು, ವಸ್ತುಪ್ರದರ್ಶನ ಕೇಂದ್ರ ಬಂತು, ಗೋದಾಮುಗಳು, ಲೇಔಟುಗಳು, ಅಪಾರ್ಟ್‌ಮೆಂಟುಗಳು ಬಂದವು. 2024ರ ನವೆಂಬರಿನಲ್ಲಿ ನಾಗಸಂದ್ರದಿಂದ ಮಾದಾವರಕ್ಕೆ ಮೆಟ್ರೊ ಬಂತು. ಮೆಜೆಸ್ಟಿಕ್ಕಿಗೆ ಹೋಗಲು ಬಸ್ಸಿನ ಮೆಟ್ಟಿಲಲ್ಲಿ ನೇತಾಡಿದ ನನ್ನ ತಲೆಮಾರಿಗೆ ಇದರ ಬೆಲೆ ಗೊತ್ತು. ಬೇಡ ಎನ್ನುವ ಕೃತಘ್ನತೆ ನನಗಿಲ್ಲ. ಕಣವಿದ್ದ ಜಾಗದಲ್ಲಿ ಈಗ ತಗಡಿನ ಮಾಡಿನ ದೊಡ್ಡ ಗೋದಾಮು. ರಾಗಿ ಬೆಳೆಯುವ ನಾಲ್ಕು ಮನೆಯವರೂ ಕಣ ಮಾಡುವುದಿಲ್ಲ, ಯಂತ್ರ ಬಂದು ಹೊಲದಲ್ಲೇ ಕಾಳು ಬಿಡಿಸಿ ಹೋಗುತ್ತದೆ. ಜಾಲಹಳ್ಳಿಯ ದಾರಿಯಲ್ಲಿ ಎಲ್ಲರ ಕೈಗೂ ಗಡಿಯಾರ ಕಟ್ಟಿದ ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಕೈಲೇತು ಮೂಲೆ ಸೇರಿ ಸಿಎನ್‌ಸಿ ಬಂದಿದೆ. ಅಳತೆ ಈಗ ಹಿಂದೆಂದಿಗಿಂತ ಕರಾರುವಾಕ್ಕು, ಆದರೆ ಬೆರಳಿಗೆ ಆ ಅಳತೆಯ ಪರಿಚಯ ಕಡಿಮೆ.

ವಿಮಾನಗಳು ಕಣ್ಮರೆಯಾಗಿಲ್ಲ, ಹೆಚ್ಚಿವೆ. ಪಕ್ಕದ ಅಪಾರ್ಟ್‌ಮೆಂಟಿನ ಹುಡುಗನ ಬಳಿ ಫೋಮಿನ ವಿಮಾನವಿದೆ; ಬ್ರಷ್‌ಲೆಸ್ ಮೋಟರು, ಲಿಥಿಯಂ ಬ್ಯಾಟರಿ. ಪೆಟ್ಟಿಗೆ ಬಿಚ್ಚಿ, ಬ್ಯಾಟರಿ ಚಾರ್ಜ್ ಮಾಡಿ, ಒಂದು ಗಂಟೆಯೊಳಗೆ ಹಾರಿಸುತ್ತಾನೆ. ಸದ್ದಿಲ್ಲ, ಹೊಗೆಯಿಲ್ಲ, ಅಮ್ಮನಿಗೆ ಒಗೆಯಲು ಎಣ್ಣೆಬಟ್ಟೆಯಿಲ್ಲ, ನೆರೆಯವರ ದೂರಿಲ್ಲ. ಈಥರಿನ ಸೀಸೆ ಮಕ್ಕಳ ಕೈಗೆ ಸಿಗುವ ಭಯವಿಲ್ಲ. ಇವೆಲ್ಲ ನಿಜವಾದ ಸುಖಗಳು. ಮೋಟರನ್ನು ಪಳಗಿಸಬೇಕಾಗಿಲ್ಲ, ಅದು ಹುಟ್ಟುವಾಗಲೇ ಪಳಗಿ ಬರುತ್ತದೆ. ಹಾರಿಸುವುದಕ್ಕೆ ಜಾಗ ಹುಡುಕುವುದು ಮಾತ್ರ ಕಷ್ಟ. 2021ರ ಡ್ರೋನ್ ನಿಯಮಗಳು ಆಕಾಶವನ್ನೇ ಹಸಿರು, ಹಳದಿ, ಕೆಂಪು ಎಂದು ಬಣ್ಣ ಬಣ್ಣವಾಗಿ ಹಂಚಿವೆ. ಯಲಹಂಕ, ಜಕ್ಕೂರು, ದೇವನಹಳ್ಳಿ, ಎಚ್‌ಎಎಲ್, ಇಷ್ಟು ವಿಮಾನನೆಲೆಗಳಿರುವ ಊರಿನಲ್ಲಿ ನಕ್ಷೆ ನೋಡದೆ ಏನನ್ನೂ ಮೇಲಕ್ಕೆ ಬಿಡುವಂತಿಲ್ಲ. ನಿಯಮ ಬೇಕು, ಒಪ್ಪುತ್ತೇನೆ. ನೆಲವೂ ಬೇಕಲ್ಲ? ಇಷ್ಟು ಲೇಔಟುಗಳ ನಕ್ಷೆಯಲ್ಲಿ ಉದ್ಯಾನಕ್ಕೆ, ಜಿಮ್ಮಿಗೆ, ಕ್ಲಬ್‌ಹೌಸಿಗೆ ಜಾಗ ತೋರಿಸಿದವರು ಮಕ್ಕಳು ಓಡಿ ಏನನ್ನಾದರೂ ಎಸೆಯಬಲ್ಲ ಒಂದು ಬರಿ ಬಯಲನ್ನು ಎಲ್ಲೂ ಬಿಡಲಿಲ್ಲ.

ಮಾದಾವರಕ್ಕೆ ಮೆಟ್ರೊ ಶುರುವಾಗುವ ಮೊದಲು ಖಾಲಿ ರೈಲು ಪರೀಕ್ಷೆಗೆಂದು ಹಿಂದೆ ಮುಂದೆ ಓಡಾಡುತ್ತಿತ್ತು. ಎಚ್‌ಎಎಲ್‌ನಲ್ಲಿ ವಿಮಾನದ ಎಂಜಿನ್ನನ್ನು ಇಂದಿಗೂ ಟೆಸ್ಟ್ ಬೆಡ್ಡಿಗೆ ಕಟ್ಟಿ ಓಡಿಸದೆ ಹೊರಗೆ ಬಿಡುವುದಿಲ್ಲ. ಹಾಗೆ ನೋಡಿದರೆ ಪಳಗಿಸುವ ಕೆಲಸ ಲೋಕದಿಂದ ಹೋಗಿಲ್ಲ. ಎತ್ತರದ ಕಾಂಪೌಂಡಿನ ಒಳಗೆ ಹೋಗಿದೆ. ನನಗೆ ಸಂಕಟವಾಗುವುದು ಇಲ್ಲಿಯೇ. ಮಾಕಳಿಯ ಬರಿಗಾಲಿನ ಹುಡುಗನೊಬ್ಬ ಒಂದು ಯಂತ್ರ ಕಣ್ಣೆದುರೇ ಕೆಮ್ಮುತ್ತ, ಕಪ್ಪು ಉಗುಳುತ್ತ, ಕಾದು ಆರುತ್ತ, ದಿನದಿಂದ ದಿನಕ್ಕೆ ದನಿ ತಿದ್ದಿಕೊಳ್ಳುವುದನ್ನು ತನ್ನ ಊರಿನ ಕಣದಲ್ಲಿ ಕೂತು ನೋಡಬಹುದಿತ್ತು, ಬಿಳಿ ಬಟ್ಟೆಯ ಚೂರನ್ನು ತಾನೇ ಹಿಡಿಯಬಹುದಿತ್ತು. ಇವತ್ತಿನ ಹುಡುಗ ನನ್ನ ಕಾಲದವನಿಗಿಂತ ಜಾಣ, ವಿಮಾನ ಯಾಕೆ ಹಾರುತ್ತದೆಂದು ನನಗೇ ಪಾಠ ಹೇಳುತ್ತಾನೆ. ಆದರೆ ಅವನ ವಿಮಾನದ ಮೋಟರು ಕೆಟ್ಟರೆ ಬಿಚ್ಚುವ ಗೋಜಿಲ್ಲ, ಎಸೆದು ಇನ್ನೊಂದು ತರಿಸುತ್ತಾನೆ.

ಮಾವ ಈಗ ಇಲ್ಲ. ಅವರ ಜೊತೆಗಿದ್ದ ಹಲವರು ನಿವೃತ್ತರಾಗಿ ದಾಸರಹಳ್ಳಿ, ಚಿಕ್ಕಬಾಣಾವರ, ನೆಲಮಂಗಲದ ಮನೆಗಳಲ್ಲಿ ಟಿವಿ ಮುಂದೆ ಕೂತಿದ್ದಾರೆ. ಅವರ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಎಣ್ಣೆಬಟ್ಟೆ ಸುತ್ತಿದ ಒಂದು ಎಂಜಿನ್ನು ಇದ್ದೇ ಇರುತ್ತದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂಥದ್ದಿದ್ದರೆ ಗುಜರಿಗೆ ಹಾಕಬೇಡಿ. ಪ್ರಾಪು ತಿರುಗುತ್ತಿಲ್ಲವೆಂದರೆ ಅದು ಸತ್ತಿದೆ ಎಂದಲ್ಲ. ಹಳೆಯ ಹರಳೆಣ್ಣೆ ಒಳಗೆ ಮೇಣದಂತೆ ಗಟ್ಟಿಯಾಗಿದೆ, ಅಷ್ಟೆ. ಇಕ್ಕಳ ಹಾಕಿ ತಿರುಗಿಸಬೇಡಿ. ಡೀಸೆಲ್ ಆಗಿದ್ದರೆ ನೆತ್ತಿಯ ಸ್ಕ್ರೂವನ್ನು ಮೊದಲು ಸಡಿಲಿಸಿ. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿಡಿ, ತೆಗೆದು ಚೆನ್ನಾಗಿ ಒರೆಸಿ ಆರಿಸಿ, ಆಮೇಲೆ ಕೂದಲು ಒಣಗಿಸುವ ಬಿಸಿಗಾಳಿಯಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಿ, ಬೆರಳಿನಿಂದ ಆ ಕಡೆ ಈ ಕಡೆ ಅಲುಗಿಸಿ. ಬಿಡುತ್ತದೆ. ಬಿಟ್ಟ ಮೇಲೆ ನಾಲ್ಕು ಹನಿ ಎಣ್ಣೆ ಹಾಕಿ, ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರ ಕೈಗೆ ಕೊಟ್ಟು ಪ್ರಾಪು ತಿರುಗಿಸಲು ಹೇಳಿ. ಒತ್ತಡ ಬೆರಳಿಗೆ ತಾಗಿದಾಗ ಅವರು ಪ್ರಶ್ನೆ ಕೇಳುತ್ತಾರೆ. ದಯವಿಟ್ಟು ಟಿವಿ ಆರಿಸಿ ಉತ್ತರ ಹೇಳಿ.